ಕೈಗೆಟುಕುವ ಗೋಡೆ

ಇದ್ದಿಲ ಚೂರೊಂದು ಕೈಗೆ ದೊರೆತೊಡನೆ ಮಗು ಹುಡುಕುವುದು ಗೋಡೆಯನ್ನು. ಹೊಸದಾಗಿ ಸುಣ್ಣ ಬಳಿದ ಗೋಡೆಯಾದರಂತೂ ಅದರ ಉತ್ಸಾಹಕ್ಕೆ ಮೇರೆಯೇ ಇರುವುದಿಲ್ಲ. ಆನೆಯೋ ಅಜ್ಜನೋ ಎಂದು ನಿರ್ಧರಿಸಲಾಗದ ಒಂದು ಆಕೃತಿ ಅಲ್ಲಿ ಮೂಡುತ್ತದೆ; ಅನಂತರ ತಾಯಿಯ ಕೂಗು, ತಂದೆಯ ಗದರಿಕೆ, ಒದ್ದೆಬಟ್ಟೆಯ ಉಜ್ಜಾಟ ಇವು ಕ್ರಮವಾಗಿ ನಡೆಯುತ್ತವೆ. ಗೋಡೆಯೆಂಬುದು ಹಿರಿಯರ ಸ್ವತ್ತು, ಅದನ್ನು ನೋಡಬಹುದೇ ಹೊರತು ಮುಟ್ಟಕೂಡದು ಎಂಬ ಪಾಠವನ್ನು ಮಗು ಅಕ್ಷರಾಭ್ಯಾಸಕ್ಕೆ ಮುಂಚೆಯೇ ಕಲಿತುಬಿಡುತ್ತದೆ. ಪಾಠಶಾಲೆಗೆ ಸೇರಿದ ಮೇಲೆ ಈ ಪಾಠ ಮತ್ತಷ್ಟು ದೃಢವಾಗುವುದೇ ಹೆಚ್ಚು.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಾಡಂಚಿನ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ 2018ರ ಜೂನ್ ತಿಂಗಳಲ್ಲಿ ವರ್ಗವಾಗಿ ಬಂದ ಉಪಾಧ್ಯಾಯಿನಿಯೊಬ್ಬರಿಗೆ ಮೊದಲ ದಿನವೇ ಕಣ್ಣಿಗೆ ಬಿದ್ದುದು ಅಲ್ಲಿಯ ಪ್ರದರ್ಶನ ಫಲಕ. ನೀಲಿ ಬಟ್ಟೆ ಹೊದಿಸಿದ ಹಲಗೆ. ಅದರ ಮೇಲೆ ಥರ್ಮೋಕೋಲಿನಲ್ಲಿ ಕತ್ತರಿಸಿದ 'ಸುಸ್ವಾಗತ'ವೆಂಬ ಅಕ್ಷರಗಳು. ಸುತ್ತಲೂ ಮಿರುಗುವ ಅಂಚು. ನಡುವೆ ರಾಷ್ಟ್ರನಾಯಕರ ಚಿತ್ರಗಳು, ಋತುಗಳ ಹೆಸರುಗಳು, ಒಂದೆರಡು ಸುಭಾಷಿತಗಳು. ಕೆಲಸ ಅಚ್ಚುಕಟ್ಟಾದುದೇ. ಯಾರೋ ಒಬ್ಬರು ಹಲವು ಸಂಜೆಗಳನ್ನು ಅದಕ್ಕಾಗಿ ವ್ಯಯಿಸಿದ್ದಿರಬೇಕು. ಆದರೆ ಹಲಗೆಯನ್ನು ನೆಲದಿಂದ ಐದು ಅಡಿಯ ಎತ್ತರದಲ್ಲಿ ಜಡಿದಿದ್ದರು. ಒಂದನೆಯ ತರಗತಿಯ ಮಗುವಾದರೋ ನಾಲ್ಕು ಅಡಿಗೂ ಕಡಮೆ. ಋತುಗಳ ಹೆಸರಿನ ಮೇಲೆ ಧೂಳು ಕುಳಿತಿತ್ತು. ಅಲ್ಲೇನಿದೆಯೆಂದು ಒಬ್ಬ ಹುಡುಗಿಯನ್ನು ವಿಚಾರಿಸಲು, ಆಕೆ ಮೇಲೆ ನೋಡದೆಯೇ, "ಅದು ಸಾಹೇಬ್ರು ಬಂದಾಗ ನೋಡಾಕೆ ಮಿಸ್ಸು" ಎಂದಳು.

ಉತ್ತರದಲ್ಲಿ ಕುಚೋದ್ಯವೇನೂ ಇರಲಿಲ್ಲ. ಇದ್ದ ಸಂಗತಿಯನ್ನು ಮಗು ಇದ್ದಂತೆಯೇ ಹೇಳಿತ್ತು.

ವಸ್ತುಗಳನ್ನು ಮಗುವಿನ ಎತ್ತರಕ್ಕೆ ಇಳಿಸಬೇಕೆಂಬ ವಿಚಾರ ಹೊಸದೇನಲ್ಲ. 1907ರಲ್ಲಿ ರೋಮ್ ನಗರದ ಬಡವರ ಬೀದಿಯೊಂದರಲ್ಲಿ ಮರಿಯಾ ಮಾಂಟೆಸ್ಸೊರಿಯವರು ಶಿಶುಗೃಹವನ್ನು ತೆರೆದಾಗ, ಕುರ್ಚಿ ಮೇಜು ಕಪಾಟುಗಳೆಲ್ಲವೂ ಮಗುವಿನ ಅಳತೆಗೆ ಬಂದುವು. 1920ರಲ್ಲಿ ಗಿಜುಭಾಯಿ ಬಧೇಕಾ ಅವರು ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿ ಅದೇ ತತ್ತ್ವವನ್ನು ಗುಜರಾತಿನ ನೆಲಕ್ಕೆ ಒಗ್ಗಿಸಿದರು. 1939ರಲ್ಲಿ ಮಾಂಟೆಸ್ಸೊರಿಯವರೇ ಮದರಾಸಿನ ಅಡ್ಯಾರಿಗೆ ಬಂದು ಇಲ್ಲಿಯ ಉಪಾಧ್ಯಾಯರಿಗೆ ಶಿಕ್ಷಣ ನೀಡಿದರು. ಆದರೂ ಸರ್ಕಾರಿ ಶಾಲೆಯ ಗೋಡೆಗೆ ಈ ಗಾಳಿ ತಗಲಲು ಬಹುಕಾಲ ಹಿಡಿಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಮರುವರ್ಷ ಆರಂಭವಾದ ಯೋಜನೆಗೆ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಎಂದು ಹೆಸರಿಟ್ಟರು. ಶಾಲೆಗೆ ಎರಡು ಕೊಠಡಿ, ಇಬ್ಬರು ಉಪಾಧ್ಯಾಯರು, ಅವಶ್ಯವಾದ ಪಾಠೋಪಕರಣಗಳು ಇರಬೇಕೆಂಬುದು ಅದರ ಗುರಿ. ಕಪ್ಪುಹಲಗೆಯ ಹೆಸರಿನಲ್ಲಿ ದಂಡಯಾತ್ರೆಯನ್ನೇ ಹೂಡಬೇಕಾಗಿ ಬಂದಿತ್ತೆಂದ ಮೇಲೆ, ಮಗು ಮುಟ್ಟಿ ಆಡಬಹುದಾದ ಫಲಕದ ಮಾತು ಎಲ್ಲಿಯದು!

ವಿಚಿತ್ರವೇನೆಂದರೆ ಆ ಮಾತು ಮೊದಲು ಕೇಳಿಬಂದುದು ಇದೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಈ ಸೀಮೆಯ ಉಪಾಧ್ಯಾಯರು ಮದನಪಲ್ಲಿಯ ಸಮೀಪದ ಋಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಬ್ಬರೇ ಉಪಾಧ್ಯಾಯರ ಬಳಿ ಕುಳಿತು ತಂತಮ್ಮ ವೇಗದಲ್ಲಿ ಕಲಿಯುವ ಕ್ರಮವನ್ನು ಕಂಡುಬಂದರು. ಹಿಂತಿರುಗಿ ತಾವೇ ಚೀಟಿಗಳನ್ನು ಬರೆದರು, ಚಿತ್ರಗಳನ್ನು ಬಿಡಿಸಿದರು. ಯೂನಿಸೆಫ್ ಸಂಸ್ಥೆಯ ನೆರವಿನಿಂದ 1995ರಲ್ಲಿ ಹೀಗೆ ಹುಟ್ಟಿದ್ದೇ 'ನಲಿಕಲಿ'. 2009-10ನೆಯ ಸಾಲಿನಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆಲ್ಲ ಹರಡಿತು. ಅದರಲ್ಲಿ ಪಾಠವನ್ನು ಮೈಲಿಗಲ್ಲುಗಳಾಗಿ ಒಡೆದಿರುತ್ತದೆ. ಗೋಡೆಯ ಮೇಲಿನ 'ಕಲಿಕಾ ಏಣಿ'ಯನ್ನು ನೋಡಿ ಮಗು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿಕೊಂಡು, ಅದಕ್ಕೆ ತಕ್ಕ ಚೀಟಿಯನ್ನು ಆರಿಸಿಕೊಳ್ಳುತ್ತದೆ. ತಲೆಯ ಮೇಲೆ ದಾರಗಳನ್ನು ಕಟ್ಟಿ ಮಕ್ಕಳ ಕೈಕೆಲಸವನ್ನು ತೂಗಿಬಿಟ್ಟಿರುತ್ತಾರೆ. ಅದಕ್ಕೆ 'ಚಪ್ಪರ'ವೆಂದು ಹೆಸರು. ಗೋಡೆಯ ಕೆಳಭಾಗಕ್ಕೆ ಕಪ್ಪು ಬಳಿದು ಮಗುವಿಗೊಂದು ಪಾಲು ಹಂಚಿರುತ್ತಾರೆ. ಎಲ್ಲಕ್ಕಿಂತ ಮಿಗಿಲಾದ ಗುಣವೆಂದರೆ, ನಾಲ್ಕು ವಾರ ಶಾಲೆಗೆ ಬಾರದ ಮಗು ಮರಳಿದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ತರಗತಿ ತನ್ನನ್ನು ದಾಟಿಹೋಯಿತೆಂದು ಅಳಬೇಕಾಗಿಲ್ಲ.

ಹೊಸ ಉಪಾಧ್ಯಾಯಿನಿ ಬಂದಾಗ ಈ ಶಾಲೆಯಲ್ಲಿಯೂ ಚಪ್ಪರವಿತ್ತು. ಆದರೆ ಅದರಲ್ಲಿ ತೂಗುತ್ತಿದ್ದ ಹಾಳೆಗಳು ಹಿಂದಿನ ವರ್ಷ ತೇರ್ಗಡೆಯಾಗಿ ಹೋದ ಮಕ್ಕಳವು. ಎಷ್ಟೇ ಒಳ್ಳೆಯ ಪದ್ಧತಿಯಾದರೂ ಕೈ ಸೋಂಕದೆ ನಿಂತರೆ ಅಲಂಕಾರವಾಗಿ ಮಾರ್ಪಡುವುದಕ್ಕೆ ಹೆಚ್ಚು ಕಾಲ ಬೇಡ.

ಮೊದಲ ಶನಿವಾರವೇ ಅವರು ಹಲಗೆಯನ್ನು ಎರಡೂವರೆ ಅಡಿ ಕೆಳಕ್ಕೆ ಇಳಿಸಿದರು. ಸುಸ್ವಾಗತವನ್ನು ತೆಗೆದು ಕಪಾಟಿನಲ್ಲಿಟ್ಟರು. ಎಸೆಯಲು ಧೈರ್ಯ ಬರಲಿಲ್ಲ. ಊರಿನ ಮನೆಗಳಿಂದ ಹಳೆಯ ಲಗ್ನಪತ್ರಿಕೆಗಳನ್ನು ಬೇಡಿ ತಂದರು. ಲಗ್ನಪತ್ರಿಕೆಯ ದಪ್ಪ ಕಾಗದದಷ್ಟು ಉಪಯುಕ್ತವಾದ ವಸ್ತು ಬಡಶಾಲೆಗೆ ಇನ್ನೊಂದಿಲ್ಲವೆಂದೇ ಹೇಳಬೇಕು. ಅವುಗಳ ಹಿಂಬದಿಯಲ್ಲಿ ಒಂದೊಂದು ಮಗುವಿನ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಮೇಲೊಂದು ರಂಧ್ರ ಮಾಡಿ, ದಾರ ಪೋಣಿಸಿದರು. ಹಲಗೆಯ ಎಡಕ್ಕೆ ಮನೆಯ ಚಿತ್ರ, ಬಲಕ್ಕೆ ಶಾಲೆಯ ಚಿತ್ರ. ಎರಡರ ಕೆಳಗೂ ಸಾಲಾಗಿ ಮೊಳೆಗಳು. ಬೆಳಿಗ್ಗೆ ಬಂದ ಮಗು ತನ್ನ ಹೆಸರನ್ನು ಹುಡುಕಿ ಮನೆಯಿಂದ ಶಾಲೆಗೆ ಸಾಗಿಸಬೇಕು, ಸಂಜೆ ಹಿಂದಕ್ಕೆ. ಹಾಜರಿ ಪುಸ್ತಕ ಅನಂತರದ ಮಾತು.

ಮೊದಲ ವಾರ ಒಂದನೆಯ ತರಗತಿಯವರು ಹೆಸರನ್ನು ಓದಲಿಲ್ಲ. ಚೀಟಿಯ ಮುಂಬದಿಯನ್ನು ತಿರುಗಿಸಿ ನೋಡುತ್ತಿದ್ದರು. ಒಬ್ಬನಿಗೆ ಗಣಪತಿಯ ಅರ್ಧ ಸೊಂಡಿಲು, ಮತ್ತೊಬ್ಬಳಿಗೆ ಬಾಳೆಯ ಕಂದು, ಇನ್ನೊಬ್ಬನಿಗೆ ಛತ್ರದ ವಿಳಾಸ ಗುರುತಾಗಿದ್ದುವು. ಹದಿನೈದು ದಿನಗಳಾದ ಮೇಲೆ ತಿರುಗಿಸುವುದು ನಿಂತಿತು. ಒಂದು ದಿನ ಹುಡುಗಿಯೊಬ್ಬಳು ಎರಡು ಚೀಟಿಗಳನ್ನು ಒತ್ತಟ್ಟಿಗೆ ಹಿಡಿದು, "ಅವ್ಳ ಮಾನೂ ನನ್ನ ಮಾನೂ ಒಂದೇಯ!" ಎಂದು ಕೂಗಿದಳು. ಅಕ್ಷರವೆಂಬುದು ಒಬ್ಬರ ಸ್ವತ್ತಲ್ಲ, ಅದನ್ನು ಹಂಚಿಕೊಳ್ಳಬಹುದು ಎಂಬ ಸಂಗತಿ ಆಕೆಗೆ ಹೊಳೆದದ್ದು ಆಗ. ಲೆಕ್ಕವೂ ಅಲ್ಲಿಯೇ ನಡೆಯಿತು. ಒಟ್ಟು ಹತ್ತೊಂಬತ್ತು ಚೀಟಿಗಳು. ಹದಿನಾಲ್ಕು ಶಾಲೆಯಲ್ಲಿದ್ದರೆ ಮನೆಯಲ್ಲಿ ಎಷ್ಟು? ಮೊಳೆಗಳನ್ನು ಮುಟ್ಟಿ ಎಣಿಸಿದರೆ ಸಾಕು. ಅದನ್ನು ವ್ಯವಕಲನವೆಂದು ಕರೆಯುತ್ತಾರೆಂಬುದು ಅವರಿಗೆ ತಿಳಿದದ್ದು ಎರಡು ತಿಂಗಳ ಮೇಲೆ.

ಹವಾಮಾನದ ನಕ್ಷೆಯ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ದಿನಕ್ಕೊಂದು ಮನೆಯಂತೆ ಚೌಕಗಳನ್ನು ಎಳೆದು, ಬಿಸಿಲು, ಮೋಡ, ಮಳೆ, ಗಾಳಿ ಎಂಬ ನಾಲ್ಕು ಬಗೆಯ ಚಿತ್ರಗಳಲ್ಲಿ ಆ ದಿನಕ್ಕೆ ತಕ್ಕುದನ್ನು ಮಕ್ಕಳೇ ಸಿಕ್ಕಿಸಬೇಕೆಂದು ಗೊತ್ತುಮಾಡಿದ್ದರು. ಜುಲೈ ತಿಂಗಳ ಒಂದು ಬೆಳಿಗ್ಗೆ ಒಬ್ಬ ಹುಡುಗ ಸೂರ್ಯನನ್ನು ಸಿಕ್ಕಿಸಿದ. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಹೆಂಚಿನ ಮೇಲೆ ಮಳೆ ಬಡಿಯತೊಡಗಿತು. ಇನ್ನೊಬ್ಬ ಎದ್ದುಹೋಗಿ ಸೂರ್ಯನನ್ನು ಕಿತ್ತು ಮಳೆಯನ್ನು ಹಾಕಿದ. ಮೊದಲಿನವನಿಗೆ ಕೋಪ ಬಂದಿತು. ತಾನು ಹಾಕಿದಾಗ ಬಿಸಿಲೇ ಇತ್ತಲ್ಲ! ಈತನಿಗೂ ಹಟ, ಈಗ ಮಳೆಯಲ್ಲವೆ? ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು. ಲೋಕದ ವ್ಯಾಜ್ಯಗಳಲ್ಲಿ ಎಷ್ಟೋ ಹೀಗೆಯೇ. ತರಗತಿಯೆಲ್ಲ ಎರಡು ಪಕ್ಷವಾಯಿತು. ಉಪಾಧ್ಯಾಯಿನಿ ತೀರ್ಪು ಕೊಡದೆ ಸುಮ್ಮನಿದ್ದರು. ಕೊನೆಗೆ ಮೂರನೆಯ ತರಗತಿಯ ಹುಡುಗಿಯೊಬ್ಬಳು ಬಳಪದಿಂದ ಚೌಕವನ್ನು ಅಡ್ಡಲಾಗಿ ಸೀಳಿ, ಮೇಲೆ ಬೆಳಿಗ್ಗೆ, ಕೆಳಗೆ ಸಾಯಂಕಾಲ ಎಂದು ಮಾಡಿದಳು. ಅಂದಿನಿಂದ ನಕ್ಷೆಗೆ ದಿನಕ್ಕೆ ಎರಡು ಮನೆ.

ತಿಂಗಳ ಕೊನೆಯಲ್ಲಿ ಚಿತ್ರಗಳನ್ನು ಎಣಿಸಿ ಒಂದರ ಮೇಲೊಂದು ಚೌಕ ಬರೆದಾಗ ಮಳೆಯ ಕಂಬವೇ ಎಲ್ಲಕ್ಕಿಂತ ಎತ್ತರವಾಗಿ ನಿಂತಿತು. ಮೊಮ್ಮಗನನ್ನು ಕರೆದೊಯ್ಯಲು ಬಂದ ಮುದುಕರೊಬ್ಬರು ಬಾಗಿಲಲ್ಲಿ ನಿಂತು ಇದನ್ನು ನೋಡಿ, ಇದರಲ್ಲಿ ಮಳೆಯ ಹೆಸರೇ ಇಲ್ಲವಲ್ಲ ಎಂದು ಆಕ್ಷೇಪಿಸಿದರು. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಅವರು ಹೇಳುತ್ತಹೋದಂತೆ ಮಕ್ಕಳು ನಕ್ಷೆಯ ಅಂಚಿನಲ್ಲಿ ಬರೆದುಕೊಂಡರು. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನಗಳೆಂಬುದು ಅವರ ಲೆಕ್ಕ. ಅದು ನಕ್ಷೆಗೆ ಸರಿಯಾಗಿ ಕೂಡಿಕೊಂಡಿತು. ಓದುಬಾರದ ಆ ಮುದುಕರು ಶಾಲೆಯ ಗೋಡೆಯ ಮೇಲೆ ಬರೆಯಿಸಿದವರಾದರು.

ಉಳಿದ ಪ್ರಯತ್ನಗಳನ್ನು ಸಂಕ್ಷೇಪವಾಗಿ ಹೇಳಬಹುದು. ಒಗಟುಗಳನ್ನು ಬರೆದು, ಉತ್ತರದ ಮೇಲೆ ಕಾಗದದ ಕದವೊಂದನ್ನು ಅಂಟಿಸಿದ್ದರು. ಯೋಚಿಸಿದ ಮೇಲೆ ಕದ ತೆಗೆಯಬೇಕೆಂಬುದು ನಿಯಮ. ಮಕ್ಕಳು ಮೊದಲು ತೆಗೆದು ಅನಂತರ ಯೋಚಿಸಿದರು. ಇದು ಮಕ್ಕಳಿಗೆ ಮಾತ್ರ ಮೀಸಲಾದ ಗುಣವಲ್ಲವಾದುದರಿಂದ ಹೆಚ್ಚು ದೂರಬೇಕಾಗಿಲ್ಲ. ಬೆಂಕಿಪೊಟ್ಟಣಗಳ ಗೂಡುಗಳಲ್ಲಿ ಹುಣಿಸೆಬೀಜ ಇಟ್ಟು ಮಾಡಿದ ಲೆಕ್ಕದ ಹಲಗೆ ಬಹುದಿನ ಬಾಳಿತು. ಸರಿಯಾದ ಜೋಡಿಯನ್ನು ಮುಟ್ಟಿಸಿದರೆ ಟಾರ್ಚಿನ ಬಲ್ಬು ಹೊತ್ತಿಕೊಳ್ಳುವ ಫಲಕವೊಂದನ್ನೂ ಕಟ್ಟಿದ್ದರು. ಒಂದು ವಾರ ಊರೇ ಬಂದು ನೋಡಿತು, ಸೆಲ್ಲು ಮುಗಿದ ಮೇಲೆ ಯಾರೂ ಅದರ ಕಡೆ ತಿರುಗಲಿಲ್ಲ. ಪದಗಳ ಗೋಡೆಯ ವಿಷಯ ಬೇರೆ. ಮನೆಯಿಂದ ಒಂದೊಂದು ಪದವನ್ನು ತಂದು ಚಿತ್ರದೊಡನೆ ಅಂಟಿಸಬೇಕೆಂದಾಗ ಮೊರ, ವಂದರಿ, ಮೇಣಿ, ಕುಂಟೆ, ಕುಕ್ಕೆ ಎಲ್ಲವೂ ಬಂದುವು. ಆ ಶಾಲೆಯಲ್ಲಿ ಜೇನುಕುರುಬರ ಹಾಡಿಯ ಮಕ್ಕಳೂ ಇದ್ದರು. ಅವರ ಮನೆಮಾತಿಗೂ ಪುಸ್ತಕದ ಕನ್ನಡಕ್ಕೂ ಅಂತರವಿರುವುದರಿಂದ, ಅಲ್ಲಿಯವರೆಗೆ ತರಗತಿಯಲ್ಲಿ ಅವರ ಬಾಯಿ ಹೊರಟದ್ದೇ ಕಡಮೆ. ತಮ್ಮ ಮಾತೂ ಗೋಡೆಗೇರಬಹುದೆಂದು ಕಂಡಮೇಲೆ ಅವರು ತಂದ ಪದಗಳ ಅರ್ಥವನ್ನು ಉಪಾಧ್ಯಾಯಿನಿಯೇ ಕೇಳಿ ತಿಳಿಯಬೇಕಾಯಿತು.

ಹೀಗೆಂದು ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ತಿಳಿಯಬಾರದು. ಗೋಡೆ ಮಗುವಿಗೆ ಗೆಳೆಯನಾಗಬಲ್ಲಂತೆ ಸಾಕ್ಷಿಯೂ ಆಗಬಲ್ಲದು. ಹಾಗೂ ಸಾಕ್ಷಿಗೆ ದಯೆಯಿಲ್ಲ. ಎರಡನೆಯ ವರ್ಷ ಉಪಾಧ್ಯಾಯಿನಿಗೆ ಒಂದು ಹುಮ್ಮಸ್ಸು ಹುಟ್ಟಿತು. ಕಲಿಕಾ ಏಣಿಯ ಪಕ್ಕದಲ್ಲಿ ಮಕ್ಕಳ ಹೆಸರುಗಳನ್ನು ಬರೆದು, ಒಂದೊಂದು ಮೈಲಿಗಲ್ಲನ್ನು ದಾಟಿದವರ ಮುಂದೆ ಒಂದೊಂದು ಕೆಂಪು ನಕ್ಷತ್ರವನ್ನು ಅಂಟಿಸತೊಡಗಿದರು. ಏಣಿಯಾದರೋ ಮಗುವಿಗೆ ತನ್ನ ದಾರಿಯನ್ನು ತೋರಿಸುವುದಕ್ಕೆ ಇದ್ದುದು; ನಕ್ಷತ್ರಗಳು ಪಕ್ಕದವನ ದಾರಿಯನ್ನೂ ತೋರಿಸಿಬಿಟ್ಟುವು. ದಸರೆಯ ಹೊತ್ತಿಗೆ ಕೆಲವರ ಸಾಲು ತುಂಬಿ ತುಳುಕಿತು. ಮೇಕೆ ಕಾಯುವುದಕ್ಕಾಗಿ ವಾರಕ್ಕೆ ಮೂರು ದಿನ ತಪ್ಪಿಸಿಕೊಳ್ಳುತ್ತಿದ್ದ ಒಬ್ಬ ಹುಡುಗನ ಸಾಲಿನಲ್ಲಿ ಎರಡೇ ನಕ್ಷತ್ರ. ಒಂದು ಸೋಮವಾರ ನೋಡಿದರೆ ಆತನ ಹೆಸರಿದ್ದ ಜಾಗದಲ್ಲಿ ಕಾಗದವೇ ಇಲ್ಲ. ಹಲ್ಲಿಯೋ ಗೋಡೆಯ ತೇವವೋ ಎಂದುಕೊಂಡು ಅವರು ಮತ್ತೆ ಬರೆದರು. ಮರುವಾರವೂ ಹಾಗೆಯೇ ಆಯಿತು. ಆ ಮಧ್ಯಾಹ್ನ ಊಟಕ್ಕೆ ಮುಂಚೆ ಮಕ್ಕಳು ಕೈ ತೊಳೆಯುತ್ತಿದ್ದಾಗ, ಆ ಹುಡುಗನ ಉಗುರುಗಳ ಸಂದಿಯಲ್ಲಿ ಸುಣ್ಣ ತುಂಬಿದ್ದುದು ಅವರ ಕಣ್ಣಿಗೆ ಬಿದ್ದಿತು.

ಅವರು ಅವನನ್ನು ಏನೂ ಕೇಳಲಿಲ್ಲ. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಒಬ್ಬರೇ ನಿಂತು ನಕ್ಷತ್ರಗಳನ್ನೆಲ್ಲ ಒಂದೊಂದಾಗಿ ಕಿತ್ತರು. ಹಳೆಯ ರವಿಕೆಬಟ್ಟೆಯಲ್ಲಿ ಹತ್ತೊಂಬತ್ತು ಪುಟ್ಟ ಜೇಬುಗಳನ್ನು ಹೊಲಿದು ಗೋಡೆಗೆ ಕಟ್ಟಿ, ಅವರವರ ಲೆಕ್ಕವನ್ನು ಅವರವರ ಜೇಬಿನೊಳಗೆ ಇಟ್ಟರು. ತೆಗೆದು ನೋಡುವ ಅಧಿಕಾರ ಜೇಬಿನ ಒಡೆಯನಿಗೆ ಮಾತ್ರ. ಶಾಲೆಗಳ ಗೋಡೆಯ ಮೇಲೆ ನಕ್ಷತ್ರ ಅಂಟಿಸುವ ಪದ್ಧತಿ ಈಗಲೂ ಬಹಳವಾಗಿದೆ. ಅಂಟಿಸುವವರು ಖಾಲಿ ಸಾಲಿನ ಮಗುವಿನ ಎತ್ತರಕ್ಕೆ ಬಗ್ಗಿ ಅದನ್ನು ಒಮ್ಮೆ ನೋಡುವುದು ಒಳ್ಳೆಯದು.

2019ರ ಡಿಸೆಂಬರಿನಲ್ಲಿ ಎರಡನೆಯ ತರಗತಿಯ ಹುಡುಗಿಯೊಬ್ಬಳು ಬರುವುದು ನಿಂತಿತು. ಕಾಫಿ ಹಣ್ಣಾಗುವ ಕಾಲದಲ್ಲಿ ಆ ಸೀಮೆಯ ಎಷ್ಟೋ ಕುಟುಂಬಗಳು ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವುದುಂಟು. ಮಕ್ಕಳೂ ಜೊತೆಯಲ್ಲಿ ಹೋಗುತ್ತಾರೆ. ಹುಡುಗಿಯ ಚೀಟಿ ಮನೆಯ ಸಾಲಿನಲ್ಲಿ ತೂಗುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅದು ಶಾಲೆಯ ಸಾಲಿಗೆ ಬಂದಿತ್ತು. ಹಿಂದಕ್ಕೆ ಹಾಕಿದರು, ಮತ್ತೆ ಬಂದಿತು. ಮೇಕೆ ಕಾಯುವ ಹುಡುಗನೇ ಅದನ್ನು ಸಾಗಿಸುತ್ತಿದ್ದನು. ಅವರಿಬ್ಬರೂ ಒಂದೇ ಹಾಡಿಯವರು. ಉಳಿದ ಮಕ್ಕಳು ಇದು ಸುಳ್ಳು ಎಂದು ಗಲಾಟೆಯೆಬ್ಬಿಸಿದರು. ಬಾರದವಳು ಬಂದಂತೆ ಹೇಗಾದೀತು? ಹಾಗಾದರೆ ಮನೆಯಲ್ಲಿರಲಿ ಎಂದು ಉಪಾಧ್ಯಾಯಿನಿ ಹೇಳಿದರು. ಹುಡುಗ ಒಪ್ಪಲಿಲ್ಲ. "ಮನೇಲೂ ಇಲ್ಲ ಮಿಸ್ಸು. ಮನೆಗೆ ಬೀಗ ಹಾಕವ್ರೆ."

ಮಾತು ಸತ್ಯವಾಗಿತ್ತು. ಹಲಗೆಯಲ್ಲಿ ಇದ್ದುದು ಎರಡೇ ಜಾಗ. ಆ ಹುಡುಗಿಯಾದರೋ ಎರಡರಲ್ಲಿಯೂ ಇರಲಿಲ್ಲ. ಮನೆಗೂ ಶಾಲೆಗೂ ನಡುವೆ ಮೂರನೆಯದೊಂದು ಮೊಳೆಯನ್ನು ಹೊಡೆದರು. ಅದರ ಮೇಲೆ ಮಕ್ಕಳೇ ಬೆಟ್ಟವನ್ನೂ ಕೆಂಪು ಹಣ್ಣಿನ ಗಿಡವನ್ನೂ ಬರೆದರು. ಸಂಕ್ರಾಂತಿಯೊಳಗಾಗಿ ಆ ಮೊಳೆಯಲ್ಲಿ ಇನ್ನೂ ಎರಡು ಚೀಟಿಗಳು ಸೇರಿದುವು.

ಜನವರಿಯಲ್ಲಿ ತನಿಖೆಗೆಂದು ಬಂದ ಅಧಿಕಾರಿಯೊಬ್ಬರು ಫಲಕವನ್ನು ನೋಡಿ, ಬಣ್ಣ ಮಾಸಿದೆ, ಅಂಚುಗಳು ಹರಿದಿವೆ, ಪಕ್ಕದೂರಿನ ಶಾಲೆಯಲ್ಲಿ ಎಷ್ಟು ಚೆನ್ನಾಗಿ ಇಟ್ಟಿದ್ದಾರೆ ಎಂದರು. ಅನಂತರ ಮೂರನೆಯ ಮೊಳೆಯ ಕಡೆ ಬೆರಳು ಮಾಡಿ, ಶಾಲೆ ಬಿಟ್ಟ ಮಕ್ಕಳ ಹೆಸರನ್ನು ಇನ್ನೂ ಏಕೆ ತೂಗಹಾಕಿದ್ದೀರಿ ಎಂದು ವಿಚಾರಿಸಿದರು. ಉಪಾಧ್ಯಾಯಿನಿ ಉತ್ತರಕ್ಕೆ ಮಾತು ಜೋಡಿಸಿಕೊಳ್ಳುತ್ತಿರುವಷ್ಟರಲ್ಲಿ, ಕೆಳಗೆ ಕುಳಿತಿದ್ದ ಆ ಹುಡುಗ ತಲೆಯೆತ್ತದೆಯೇ ಹೇಳಿದ: "ಬುಟ್ಟೋಗಿಲ್ಲ ಸಾ. ಕಾಪಿಗೆ ಹೋಗವ್ಳೆ." ಅಧಿಕಾರಿಗಳು ನಕ್ಕುಬಿಟ್ಟರು. ಚೀಟಿಗಳು ಅಲ್ಲಿಯೇ ಉಳಿದುವು. ಅವರು ಹೊರಟುಹೋದ ಮೇಲೆ, ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗ ಮಾತನಾಡಿದನೆಂಬುದನ್ನು ನೆನೆದು ಉಪಾಧ್ಯಾಯಿನಿಗೆ ಆ ದಿನವೆಲ್ಲ ಒಂದು ಬಗೆಯ ಸಂಭ್ರಮ.

ಮಾರ್ಚಿಯ ಕೊನೆಗೆ ಹುಡುಗಿ ಬರಬೇಕಾಗಿತ್ತು. ಅಷ್ಟರಲ್ಲಿ, 2020ರ ಮಾರ್ಚಿ ಮಧ್ಯದಲ್ಲಿ, ಕೊರೋನಾ ವ್ಯಾಧಿಯ ದೆಸೆಯಿಂದ ಶಾಲೆಗಳೇ ಮುಚ್ಚಿದುವು. ಕೊನೆಯ ದಿನದ ಚೌಕದಲ್ಲಿ ಮಕ್ಕಳು ಸೂರ್ಯನನ್ನು ಸಿಕ್ಕಿಸಿ ಮನೆಗೆ ಹೋಗಿದ್ದರು. ಆಗಸ್ಟಿನಲ್ಲಿ 'ವಿದ್ಯಾಗಮ' ಆರಂಭವಾದಾಗ ಉಪಾಧ್ಯಾಯಿನಿ ಮಾರಿಗುಡಿಯ ಜಗಲಿಯ ಮೇಲೆ, ಹೊಂಗೆಯ ಮರದ ಕೆಳಗೆ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಅಲ್ಲಿ ಗೋಡೆಯೇ ಇರಲಿಲ್ಲ. ಮರದ ಬುಡಕ್ಕೆ ದಾರ ಸುತ್ತಿ ಚೀಟಿಗಳನ್ನು ಕಟ್ಟಿದರೆ ಗಾಳಿ ಎತ್ತಿಕೊಂಡು ಹೋಗುತ್ತಿತ್ತು. ಶಾಲೆಯ ಕೆಲಸಕ್ಕೆಂದು ಬೀಗ ತೆಗೆದಾಗಲೆಲ್ಲ ಅವರು ಗುಡಿಸುತ್ತಿದ್ದರು, ಜೇಡರಬಲೆಯನ್ನು ತೆಗೆಯುತ್ತಿದ್ದರು. ಹಲಗೆಯನ್ನು ಮಾತ್ರ ಮುಟ್ಟಲಿಲ್ಲ. ಹದಿನಾರು ಚೀಟಿಗಳು ಮನೆಯ ಕೆಳಗೆ, ಮೂರು ಬೆಟ್ಟದ ಕೆಳಗೆ, ಒಂದು ವರ್ಷ ಏಳು ತಿಂಗಳ ಕಾಲ ಹಾಗೆಯೇ ತೂಗಿದುವು.

2021ರ ಅಕ್ಟೋಬರ್ 25ರಂದು ಕೆಳತರಗತಿಗಳು ತೆರೆದುವು. ಶಾಲೆಯನ್ನೇ ಕಾಣದ ಒಂದನೆಯ ಎರಡನೆಯ ತರಗತಿಗಳ ಮಕ್ಕಳು ಬಾಗಿಲಲ್ಲಿ ಗುಂಪುಗೂಡಿ ನಿಂತಿದ್ದರು. ಹಳಬರು ಒಳಗೆ ನುಗ್ಗಿ ಹಲಗೆಗೆ ಮುಗಿಬಿದ್ದರು. ಎರಡು ವರ್ಷದಲ್ಲಿ ಬೆಳೆದಿದ್ದ ಅವರಿಗೆ ಈಗ ಹಲಗೆ ತೀರ ತಗ್ಗಾಗಿತ್ತು. ಕೆಲವರು ಬಗ್ಗಿ ಹೆಸರು ಹುಡುಕಿದರು. ಮೇಕೆಯ ಹುಡುಗ ಐದನೆಯ ತರಗತಿಗೆ ಬಂದಿದ್ದನು.

ಕಾಫಿಗೆ ಹೋಗಿದ್ದ ಹುಡುಗಿ ಬಂದದ್ದು ಮೂರನೆಯ ದಿನ. ಲೆಕ್ಕಕ್ಕೆ ನಾಲ್ಕನೆಯ ತರಗತಿಯವಳಾದರೂ ಆಕೆ ನೇರವಾಗಿ ನಲಿಕಲಿಯ ಕೊಠಡಿಗೆ ಬಂದು, ಮೊದಲು ಮನೆಯ ಸಾಲನ್ನು ನೋಡಿದಳು. ಅಲ್ಲಿ ಹೆಸರಿರಲಿಲ್ಲ. ಮುಖ ಸಣ್ಣಗಾಯಿತು. ಬೆಟ್ಟದ ಚಿತ್ರ ಆಕೆ ಹೋದ ಮೇಲೆ ಬರೆದುದಾದ್ದರಿಂದ ಆಕೆಗೆ ತಿಳಿಯದು. ಮೆಲ್ಲನೆ ಆ ಮೂರನೆಯ ಮೊಳೆಯ ಬಳಿಗೆ ಸರಿದು, ಬಣ್ಣ ಹೋದ ಚೀಟಿಯನ್ನು ಬೆರಳಿನಿಂದ ಒರೆಸಿ, ತುಟಿಯಾಡಿಸುತ್ತ ಓದಿಕೊಂಡಳು; ತೆಗೆದು ಶಾಲೆಯ ಸಾಲಿಗೆ ಹಾಕಿದಳು. ಆಕೆಯ ಲಂಗವನ್ನು ಹಿಡಿದು ನಿಂತಿದ್ದ ಆರು ವರ್ಷದ ತಮ್ಮನನ್ನು ಅನಂತರ ಮುಂದಕ್ಕೆ ತಳ್ಳಿ, "ಇವನ್ದೂ ಒಂದು ಬರ್ಕೊಡಿ ಮಿಸ್ಸು" ಎಂದಳು.

ಉಪಾಧ್ಯಾಯಿನಿ ಮೇಜಿನ ಖಾನೆಯನ್ನು ಎಳೆದು ಲಗ್ನಪತ್ರಿಕೆಗಾಗಿ ತಡಕಿದರು. ಆ ಎರಡು ವರ್ಷಗಳಲ್ಲಿ ಅದ್ದೂರಿಯ ಮದುವೆಗಳು ನಡೆದದ್ದೇ ಅಪರೂಪ, ಪತ್ರಿಕೆ ಅಚ್ಚು ಹಾಕಿಸಿದವರು ಇನ್ನೂ ಅಪರೂಪ. ಇದ್ದುವೆಲ್ಲ ಹೊಸ ಮಕ್ಕಳಿಗೆ ಮುಗಿದುಹೋಗಿದ್ದುವು. ಕೊನೆಗೆ ತಮ್ಮ ಕೈಚೀಲದ ತಳದಲ್ಲಿ ಯಾವುದೋ ಗೃಹಪ್ರವೇಶದ ಕರೆಯೋಲೆಯೊಂದು ಸಿಕ್ಕಿತು. ಅದರ ಬೆನ್ನನ್ನು ಕತ್ತರಿಸಿ ಹೆಸರು ಬರೆಯುತ್ತಿರುವಷ್ಟರಲ್ಲಿಯೇ ಹುಡುಗ ಗೋಡೆಯ ಬಳಿ ಹೋಗಿ, ತನ್ನದು ಯಾವ ಮೊಳೆಯೆಂದು ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದನು.